ಗಾಳಿಕುಂಚವನ್ನು ಕೊಳ್ಳುವ ಮುನ್ನ

ವಿಮಾನಗಳ ಸಣ್ಣ ಮಾದರಿಗಳನ್ನು ಕಟ್ಟುವ ಹವ್ಯಾಸವು ಬೇರೆ ಹವ್ಯಾಸಗಳಂತಲ್ಲ. ಅಂಚೆಚೀಟಿ ಕೂಡಿಸುವವನೊಬ್ಬ ಮನೆಯಲ್ಲಿದ್ದರೆ ನೆರೆಯವರಿಗೆ ತಿಳಿಯುವುದೇ ಇಲ್ಲ. ಮಾದರಿ ಕಟ್ಟುವವನಿದ್ದರೆ ಊಟದ ಮೇಜು, ಕಿಟಕಿಯ ಕಟ್ಟೆ, ಕೊನೆಗೆ ಬಟ್ಟೆಯ ಕಪಾಟಿನ ನೆತ್ತಿಯೂ ವಿಮಾನ ನಿಲ್ದಾಣವಾಗುತ್ತದೆ. ಪ್ಲಾಸ್ಟಿಕ್ಕಿನ ತುಂಡುಗಳ ಪೆಟ್ಟಿಗೆಯೊಂದು, ಚಿಕ್ಕ ಚೂರಿ, ಅಂಟು, ಉಪ್ಪುಕಾಗದ ಇಷ್ಟಿದ್ದರೆ ಆರಂಭಕ್ಕೆ ಸಾಕು. ಅಲ್ಲಿಯವರೆಗೆ ಖರ್ಚೂ ಹೆಚ್ಚಿನದಲ್ಲ. ಕಷ್ಟ ಬರುವುದು ಬಣ್ಣ ಹಚ್ಚುವ ದಿನ. ತಿಂಗಳುಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಟ್ಟಿದ ವಿಮಾನದ ಮೇಲೆ ಕುಂಚದ ಗೆರೆಗಳು ನೇಗಿಲ ಸಾಲುಗಳಂತೆ ಎದ್ದು ಕಂಡಾಗ ಹುಡುಗರು ಅಳುವುದನ್ನೂ, ದೊಡ್ಡವರು ಅಳದೆ ಸುಮ್ಮನೆ ಪೆಟ್ಟಿಗೆ ಮುಚ್ಚುವುದನ್ನೂ ನಾವು ಕಂಡಿದ್ದೇವೆ.

ಈ ಕಷ್ಟಕ್ಕೆ ಇರತಕ್ಕ ಪರಿಹಾರವೇ ಏರ್‌ಬ್ರಷ್. ಕನ್ನಡದಲ್ಲಿ ಗಾಳಿಕುಂಚವೆಂದರೆ ತಪ್ಪಾಗಲಾರದು. ಈ ಲೇಖನದಲ್ಲಿ ಹಾಗೆಯೇ ಕರೆಯುತ್ತೇವೆ. ಅಂಗಡಿಯಲ್ಲಿ ಮಾತ್ರ ಏರ್‌ಬ್ರಷ್ ಎಂದೇ ಕೇಳಿರಿ, ಇಲ್ಲವಾದರೆ ಅಂಗಡಿಯವನು ಬೀಸಣಿಗೆ ತಂದು ಮುಂದಿಟ್ಟಾನು.

ಇದನ್ನು ಬರೆಯುವುದಕ್ಕೆ ಕಾರಣರಾದವರು ನಮ್ಮ ಕಚೇರಿಯ ಮಿತ್ರರೊಬ್ಬರು. ಧಾರವಾಡದ ಕಡೆಯವರು, ಮುಂಬಯಿಯ ಸರಕಾರಿ ವಸತಿಯ ಎರಡು ಕೋಣೆಗಳಲ್ಲಿ ಹೆಂಡತಿ, 14 ವರ್ಷದ ಮಗ ಹಾಗೂ ವೃದ್ಧ ತಂದೆಯವರೊಡನೆ ಇರುತ್ತಾರೆ. ಆ ತಂದೆಯವರು ನಾಶಿಕದ ಸಮೀಪದ ಓಝರದಲ್ಲಿರುವ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮಿಗ್-21 ವಿಮಾನವು 1963ರಲ್ಲಿ ನಮ್ಮ ವಾಯುಪಡೆಗೆ ಬಂದಿತು. ಮುಂದೆ ಅದನ್ನು ಓಝರದಲ್ಲಿಯೇ ಕಟ್ಟತೊಡಗಿದರು. 2025ರ ಸಪ್ಟೆಂಬರ್ 26ರಂದು ಚಂಡೀಗಢದಲ್ಲಿ ಆ ವಿಮಾನಕ್ಕೆ ವಿದಾಯ ಹೇಳಿದ್ದನ್ನು ಟೆಲಿವಿಜನ್ನಿನಲ್ಲಿ ನೋಡಿದ ಹಿರಿಯರು ಆ ದಿನ ಊಟಕ್ಕೆ ಏಳಲಿಲ್ಲವಂತೆ. ಮೊಮ್ಮಗ ಮಿಗ್-21ರ ಪೆಟ್ಟಿಗೆಯೊಂದನ್ನು ತರಿಸಿ ಕಟ್ಟಲು ಕುಳಿತದ್ದು ಅನಂತರ. ಅಜ್ಜನವರ ಕಣ್ಣು ದಿನೇ ದಿನೇ ಮಂದವಾಗುತ್ತಿದೆ, ಮೇಲಾಗಿ ಉಬ್ಬಸ. ಅವರಿಗೆ ಕಾಣುವಷ್ಟರಲ್ಲಿಯೇ ಕೆಲಸ ಮುಗಿಯಬೇಕೆಂಬುದು ಹುಡುಗನ ಹಟ. ಯಾವ ಬಣ್ಣ ಹಚ್ಚಲೆಂದು ಕೇಳಿದ್ದಕ್ಕೆ ಅಜ್ಜನವರು, "ಏ ತಮ್ಮಾ, ಅದಕ್ಕ ಬಣ್ಣ ಎಲ್ಲಿತ್ತೋ? ಬರೇ ಮೈ ಇತ್ತು, ಬೆಳ್ಳಿಹಂಗ. ಮೂಗಷ್ಟ ಹಸರು" ಎಂದರಂತೆ. 1971ರ ಯುದ್ಧದ ಹೊತ್ತಿಗೆ ಹಲವಕ್ಕೆ ಮರೆವೇಷದ ಬಣ್ಣ ಬಂದಿತಾದರೂ ಮೊದಮೊದಲಿನವು ಬರಿ ಲೋಹದ ಮೈಯವೇ ಆಗಿದ್ದವು. ಹಿರಿಯರ ನೆನಪು ಸರಿಯಾಗಿದೆ. ಮಿತ್ರರು ನಮ್ಮಲ್ಲಿ ಕೇಳಿದ್ದು ಇಷ್ಟು: "10 ಸಾವಿರ ರೂಪಾಯಿ ಮೀರದಂತೆ, ಅಪ್ಪನ ಉಬ್ಬಸ ಹೆಚ್ಚದಂತೆ, ಕೆಳಗಿನ ಮನೆಯವರು ಜಗಳಕ್ಕೆ ಬರದಂತೆ ಇದನ್ನು ಮಾಡಲಿಕ್ಕೆ ಬರುತ್ತದೆಯೇ?"

ಬರುತ್ತದೆ. ಆದರೆ ಗಾಳಿಕುಂಚ ಬೇಕೇ ಬೇಕೆ ಎಂಬುದನ್ನು ಮೊದಲು ನೋಡತಕ್ಕದ್ದು. ನಾವು ಗುಮಾಸ್ತರು, ಲೆಕ್ಕ ಹಾಕದೆ ನಮ್ಮಿಂದ ಒಂದು ಪೈಸೆ ಹೊರಬೀಳುವುದಿಲ್ಲ. ಹುಡುಗನ ಮಾದರಿ 72ಕ್ಕೆ 1ರ ಪ್ರಮಾಣದ್ದು. ನಿಜವಾದ ಮಿಗ್-21ರ ರೆಕ್ಕೆಯ ಹರಹು 7.15 ಮೀಟರ್, ಮಾದರಿಯಲ್ಲಿ ಅದು ಸುಮಾರು 10 ಸೆಂಟಿಮೀಟರ್. ರೆಕ್ಕೆಯ ವಿಸ್ತೀರ್ಣ 23 ಚದರ ಮೀಟರ್. 72ನ್ನು 72ರಿಂದ ಗುಣಿಸಿ ಬಂದ 5184ರಿಂದ ಭಾಗಿಸಿದರೆ 44 ಚದರ ಸೆಂಟಿಮೀಟರ್, ಅಂದರೆ ಅಂಚೆ ಕಾರ್ಡಿನ ಮೂರರಲ್ಲೊಂದು ಪಾಲು. ಇಷ್ಟು ಚಿಕ್ಕ ಜಾಗದಲ್ಲಿ ಕುಂಚವು ಕೂದಲೆಳೆಯಷ್ಟು ದಪ್ಪದ ಏಣು ಬಿಟ್ಟರೂ, ನಿಜವಾದ ವಿಮಾನದ ಮೇಲೆ ಅದು ಐದಾರು ಮಿಲಿಮೀಟರ್ ಎತ್ತರದ ಬದುವಿಗೆ ಸಮನಾಯಿತು. ಹಸಿರು ಬಣ್ಣವು ಕಂದಿಗೆ ಮೆಲ್ಲನೆ ಕರಗುವ 5 ಸೆಂಟಿಮೀಟರಿನ ಅಂಚು ನಿಜವಾದ ವಿಮಾನದ ಮೇಲಿದ್ದರೆ, ಮಾದರಿಯಲ್ಲಿ ಅದಕ್ಕೆ ದೊರೆಯುವುದು 0.7 ಮಿಲಿಮೀಟರ್. ಎಂಥ ಪಳಗಿದ ಕೈಗೂ ಇದನ್ನು ಕುಂಚದಿಂದ ಮಾಡುವುದು ಪ್ರಯಾಸ.

ಹಾಗೆಂದು ಎಲ್ಲ ವಿಮಾನಕ್ಕೂ ಗಾಳಿಕುಂಚ ಅನಿವಾರ್ಯವಲ್ಲ. ಎರಡನೆಯ ಮಹಾಯುದ್ಧದ ಬ್ರಿಟಿಷ್ ಸ್ಪಿಟ್‌ಫೈರ್ ವಿಮಾನದ ಬಣ್ಣದ ಅಂಚುಗಳು ಸಾಕಷ್ಟು ಖಚಿತವಾದವು. ಒಳ್ಳೆಯ ಚಪ್ಪಟೆ ಕುಂಚ, ತೆಳುವಾದ ಬಣ್ಣ, ಎರಡು ಮೂರು ಲೇಪ ಮತ್ತು ತಾಳ್ಮೆ ಇದ್ದರೆ ಅದು ಚೆನ್ನಾಗಿಯೇ ಬರುತ್ತದೆ. ಅದೇ ಜರ್ಮನಿಯ ಮೆಸ್ಸರ್‌ಶ್ಮಿಟ್ ವಿಮಾನದ ಪಕ್ಕೆಯ ಮೇಲಿನ ಮೋಡದಂಥ ಮಚ್ಚೆಗಳಿಗೆ ಕುಂಚ ಸಾಲದು. ಬರಿ ಲೋಹದ ಮೈ ಅಂತೂ ಎಲ್ಲಕ್ಕಿಂತ ಕಠಿಣ. ಬೆಳ್ಳಿಯ ಬಣ್ಣದಲ್ಲಿರುವ ಲೋಹದ ಪುಡಿಯು ಕುಂಚ ಹರಿದ ದಿಕ್ಕಿಗೇ ಸಾಲುಗಟ್ಟಿ ನಿಲ್ಲುತ್ತದೆ. ಎಷ್ಟು ನಯವಾಗಿ ಬಳಿದರೂ ಪಾತ್ರೆಗೆ ಕಲಾಯಿ ಹಾಕಿದಂತೆ ಕಾಣುತ್ತದೆಯೇ ಹೊರತು ವಿಮಾನದಂತೆ ಕಾಣುವುದಿಲ್ಲ. ಆದಕಾರಣ ಅಜ್ಜನವರ ಮಿಗ್‌ಗೆ ಗಾಳಿಕುಂಚ ಬೇಕೆಂಬುದೇ ನಮ್ಮ ತೀರ್ಪು.

ಈ ಉಪಕರಣ ಹೊಸತೇನಲ್ಲ. ಅಮೇರಿಕೆಯ ಫ್ರಾನ್ಸಿಸ್ ಸ್ಟ್ಯಾನ್ಲಿ, ಮುಂದೆ ಉಗಿಯಿಂದ ಓಡುವ ಮೋಟಾರು ಮಾಡಿ ಹೆಸರಾದವನು, 1876ರಲ್ಲಿಯೇ ಬಣ್ಣವನ್ನು ಗಾಳಿಯಿಂದ ಸಿಂಪಡಿಸುವ ಸಾಧನಕ್ಕೆ ಪೇಟೆಂಟು ಪಡೆದಿದ್ದ. ಈಗಿನ ಗಾಳಿಕುಂಚಕ್ಕೆ ಹತ್ತಿರದ ರೂಪವನ್ನು ಕೊಟ್ಟವನು ಚಾರ್ಲ್ಸ್ ಬರ್ಡಿಕ್, 1893ರಲ್ಲಿ. ಆಗ ಇದು ಹೆಚ್ಚಾಗಿ ಫೋಟೋಗಳನ್ನು ತಿದ್ದುವುದಕ್ಕೂ ಅವಕ್ಕೆ ಬಣ್ಣ ತುಂಬುವುದಕ್ಕೂ ಬಳಕೆಯಾಗುತ್ತಿತ್ತು. ತತ್ತ್ವ ಸುಲಭ. ಹಿಂದೆ ಮನೆಮನೆಯಲ್ಲಿದ್ದ ಸೊಳ್ಳೆಯ ಫ್ಲಿಟ್ ಪಂಪನ್ನು ಹಿರಿಯ ವಾಚಕರು ಮರೆತಿರಲಾರರು. ವೇಗವಾಗಿ ಹೊರಡುವ ಗಾಳಿಯು ಕೊಳವೆಯ ಬಾಯಲ್ಲಿ ಒತ್ತಡವನ್ನು ಇಳಿಸಿ ಔಷಧವನ್ನು ಮೇಲಕ್ಕೆಳೆದು ಮಂಜು ಮಾಡುತ್ತಿತ್ತು. ಗಾಳಿಕುಂಚವೂ ಅದರ ಬಳಗದ್ದೇ. ಇಲ್ಲಿ ನಡುವೆ ಒಂದು ಮೊನಚಾದ ಸೂಜಿಯಿದ್ದು, ಅದು ಹಿಂದೆ ಸರಿದಷ್ಟೂ ಮೂತಿಯ ರಂಧ್ರ ತೆರೆದು ಬಣ್ಣ ಹೆಚ್ಚು ಬರುತ್ತದೆ.

ಜಾತಿಗಳು ಹಲವು. ಗುಂಡಿ ಒತ್ತಿದರೆ ಗಾಳಿ, ಬಣ್ಣ ಎರಡೂ ಒಟ್ಟಿಗೆ ಬರುವಂಥದು ಒಂದು. ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ ಎಂಬಂಥದು ಇನ್ನೊಂದು. ಮೊದಲನೆಯದಕ್ಕೆ ಸಿಂಗಲ್ ಆ್ಯಕ್ಷನ್, ಎರಡನೆಯದಕ್ಕೆ ಡಬಲ್ ಆ್ಯಕ್ಷನ್ ಎನ್ನುತ್ತಾರೆ. ಹೊಸಬರಿಗೆ ಮೊದಲನೆಯದೇ ಸಾಕೆಂದು ಉಪದೇಶಿಸುವವರಿದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಹಾರ್ಮೋನಿಯಂ ಕಲಿಯುವವನು ಎಡಗೈಯಿಂದ ತಿದಿಯನ್ನೂ ಬಲಗೈಯಿಂದ ಮನೆಗಳನ್ನೂ ಮೊದಲ ದಿನದಿಂದಲೇ ಹಿಡಿಯುತ್ತಾನಲ್ಲವೆ? ಇಲ್ಲಿ ಎರಡೂ ಕೆಲಸ ಒಂದೇ ತೋರುಬೆರಳಿನದು. ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ. ಪ್ರಾಶೆ ಕಂಪನಿಯ 'ಎಚ್' ಮಾದರಿಯಂಥ ಗಟ್ಟಿಮುಟ್ಟಾದ ಸಿಂಗಲ್ ಆ್ಯಕ್ಷನ್ ಕುಂಚಗಳು ಇಲ್ಲವೆಂದಲ್ಲ. ಅಗಲ ಜಾಗಕ್ಕೆ ಅವು ಉತ್ತಮ. ಅಂಚೆ ಕಾರ್ಡಿನ ಮೂರರಲ್ಲೊಂದು ಪಾಲಿಗೆ ಬೇಡ.

ಬಣ್ಣ ಎಲ್ಲಿಂದ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ. ಕೆಲವದರಲ್ಲಿ ಕೆಳಗೆ ಶೀಸೆ ತೂಗುತ್ತದೆ, ಗಾಳಿಯೇ ಬಣ್ಣವನ್ನು ಮೇಲಕ್ಕೆ ಹೀರಬೇಕು. ಅದಕ್ಕೆ ಒತ್ತಡ ಹೆಚ್ಚು ಬೇಕು. ಕೆಲವದರಲ್ಲಿ ಮೇಲೆ ಚಿಕ್ಕ ಬಟ್ಟಲಿದ್ದು ಬಣ್ಣ ತಾನಾಗಿಯೇ ಇಳಿಯುತ್ತದೆ. ನಮಗೆ ಬೇಕಾದದ್ದು ಈ ಎರಡನೆಯದೇ. ಕಡಿಮೆ ಒತ್ತಡ ಸಾಕು, ಕೆಲವೇ ಹನಿ ಬಣ್ಣದಿಂದಲೂ ಕೆಲಸವಾಗುತ್ತದೆ, ತೊಳೆಯುವುದೂ ಸುಲಭ. ಮೂತಿಯ ಅಳತೆ 0.3 ಮಿಲಿಮೀಟರ್ ಇರಲಿ. 0.2 ಎಂಬುದು ಕೇಳಲು ಚೆಂದ, ಆದರೆ ಲೋಹದ ಪುಡಿಯ ಬಣ್ಣ ಹಾಕಿದರೆ ಮಾತುಮಾತಿಗೆ ಕಟ್ಟಿಕೊಳ್ಳುತ್ತದೆ. 0.5 ಅಸ್ತರಿಗೂ ದೊಡ್ಡ ಮಾದರಿಗಳಿಗೂ ಆಯಿತು.

ಇನ್ನು ಬೆಲೆ. ಚೀನದಿಂದ ಬರುವ '130' ಎಂಬ ಸಂಖ್ಯೆಯ ಡಬಲ್ ಆ್ಯಕ್ಷನ್ ಕುಂಚವು ನಾನಾ ಹೆಸರುಗಳಲ್ಲಿ ಮಾರಾಟವಾಗುತ್ತದೆ. ನಾವು ವಿಚಾರಿಸಿದಾಗ ಸಾವಿರದಿಂದ ಎರಡು ಸಾವಿರ ರೂಪಾಯಿಯ ನಡುವೆ ಇತ್ತು. ಜಪಾನಿನ ಇವಾಟಾ, ಜರ್ಮನಿಯ ಹಾರ್ಡರ್ ಉಂಡ್ ಸ್ಟೀನ್‌ಬೆಕ್, ಅಮೇರಿಕೆಯ ಬ್ಯಾಜರ್ ಇವುಗಳ ಅಗ್ಗದ ಮಾದರಿಗಳಿಗೂ ಅದರ ನಾಲ್ಕೈದು ಪಟ್ಟು ತೆರಬೇಕು. ವ್ಯತ್ಯಾಸ ಎಲ್ಲಿದೆ? ಮಂಜು ಎಬ್ಬಿಸುವುದರಲ್ಲಿ ನೀವು ನೆನೆಸಿದಷ್ಟು ಇಲ್ಲ. ವ್ಯತ್ಯಾಸವಿರುವುದು ಸೂಜಿಯ ಮೊನೆಯ ನಯದಲ್ಲಿ, ಒಳಗಿನ ರಬ್ಬರು ಬಳೆಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಬಿಡಿಭಾಗಗಳಲ್ಲಿ. ಹೆಸರುವಾಸಿ ಕುಂಚದ ಸೂಜಿ ಬಾಗಿದರೆ ಐದು ವರ್ಷದ ಮೇಲೂ ಅದೇ ಅಳತೆಯ ಸೂಜಿ ಸಿಗುತ್ತದೆ. ಅಗ್ಗದ್ದರಲ್ಲಿ ಅದು ದೈವಾಧೀನ. ಆದರೂ ನಮ್ಮ ಮಿತ್ರರ 10 ಸಾವಿರದ ಲೆಕ್ಕಕ್ಕೆ ನಾವು ಹೇಳಿದ್ದು ಅಗ್ಗದ 130ನ್ನೇ. ಏಕೆಂದರೆ ಹಣ ಹೋಗಬೇಕಾದದ್ದು ಕುಂಚಕ್ಕಲ್ಲ, ಗಾಳಿಗೆ.

ಇದನ್ನು ಒತ್ತಿ ಹೇಳುತ್ತೇವೆ. ಎಷ್ಟೋ ಜನರು ಒಳ್ಳೆಯ ಕುಂಚಕ್ಕೆ ಸುರಿದು ಗಾಳಿಯ ವಿಷಯದಲ್ಲಿ ಜಿಪುಣತನ ತೋರಿಸುತ್ತಾರೆ. ಗಾಳಿಯ ಡಬ್ಬಿಗಳಿವೆ, ಒಳಗಿನ ದ್ರವವು ಆವಿಯಾಗಿ ಒತ್ತಡ ಕೊಡುತ್ತದೆ. ಆದರೆ ಆವಿಯಾಗುತ್ತ ಡಬ್ಬಿ ಮಂಜುಗಡ್ಡೆಯಂತೆ ತಣ್ಣಗಾಗಿ ಒತ್ತಡ ಕುಸಿಯುತ್ತದೆ, ಅರ್ಧ ರೆಕ್ಕೆಗೇ ನಿಟ್ಟುಸಿರು ಬಿಡುತ್ತದೆ. ಕೆಲವು ಡಬ್ಬಿಗಳ ಬೆಲೆಯಲ್ಲಿ ಕಂಪ್ರೆಸರ್ ಬಂದೀತು. ಮೋಟಾರಿನ ಟೈರಿನಲ್ಲಿ ಗಾಳಿ ತುಂಬಿಸಿ ಅದರಿಂದ ಕೆಲಸ ಮಾಡಿದ ಹಳಬರಿದ್ದಾರೆ. ಮೂರನೆಯ ಮಾಳಿಗೆಗೆ ಟೈರು ಹೊರುವ ಉತ್ಸಾಹವಿದ್ದವರಿಗೆ ನಮ್ಮ ಆಕ್ಷೇಪಣೆಯಿಲ್ಲ. ಮೀನಿನ ತೊಟ್ಟಿಯ ಪಂಪಿಗೆ ಸಾಕಷ್ಟು ಕಸುವಿಲ್ಲ. ಅಜ್ಜನವರ ನೆಬ್ಯುಲೈಸರ್ ಯಂತ್ರವೂ ಗಾಳಿ ಊದುತ್ತದೆಯಲ್ಲ, ಅದನ್ನೇ ಬಳಸಬಾರದೇಕೆ ಎಂದು ಹುಡುಗ ಕೇಳಿದ. ಬಾರದು. ಮೊದಲಿಗೆ ಅದರ ಒತ್ತಡ ಸಾಲದು. ಎರಡನೆಯದಾಗಿ ನಡುರಾತ್ರಿ ಅಜ್ಜನಿಗೆ ಉಸಿರು ಕಟ್ಟಿದಾಗ ಆ ಯಂತ್ರ ಬಣ್ಣದ ಮೇಜಿನ ಮೇಲಿರಕೂಡದು.

ಈಚೆಗೆ ಮೊಬೈಲ್ ಫೋನಿನಂತೆ ಚಾರ್ಜ್ ಮಾಡುವ, ಕುಂಚಕ್ಕೇ ಅಂಟಿಕೊಂಡ ಕಂಪ್ರೆಸರುಗಳು ಬಂದಿವೆ. ನೋಡಲು ಮುದ್ದಾಗಿವೆ. ಆದರೆ ಅಗ್ಗದವುಗಳಲ್ಲಿ ಒತ್ತಡವನ್ನು ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ, ಕೈಯಲ್ಲಿ ಭಾರ, ಮಿಡಿತದಿಂದ ಬಣ್ಣ ಸಮನಾಗಿ ಬೀಳುವುದಿಲ್ಲ. ಬರಿ ಲೋಹದ ಕೆಲಸಕ್ಕೆ ಬೇಡವೆಂದೆವು.

ಬೇಕಾದದ್ದು 3 ಲೀಟರಿನ ತೊಟ್ಟಿಯಿರುವ, ಎಣ್ಣೆಯಿಲ್ಲದ, ಸಣ್ಣ ಪಿಸ್ಟನ್ ಕಂಪ್ರೆಸರ್. ಶಕ್ತಿ ಕಾಲು ಕುದುರೆಗಿಂತಲೂ ಕಡಿಮೆ. ಮಾದರಿಗೆ ಅದು ಧಾರಾಳ. ತೊಟ್ಟಿ ತುಂಬಿದೊಡನೆ ತಾನಾಗಿ ನಿಲ್ಲುತ್ತದೆ, ಒತ್ತಡ ಇಳಿದಾಗ ತಾನಾಗಿ ಹೊರಡುತ್ತದೆ. ತೊಟ್ಟಿಯಿಲ್ಲದವು ಒಂದೆರಡು ಸಾವಿರ ಅಗ್ಗ, ಆದರೆ ಬಿಡುವಿಲ್ಲದೆ ಓಡಿ ಕಾಯುತ್ತವೆ, ಗಾಳಿಯೂ ಮಿಡಿಯುತ್ತ ಬರುತ್ತದೆ. ತೊಟ್ಟಿಯಿದ್ದರೆ ಸದ್ದು ಬಂದು ಬಂದು ನಿಲ್ಲುತ್ತದೆ. ಬೆಳಗ್ಗೆ ಚಟ್ನಿ ರುಬ್ಬುವ ಮಿಕ್ಸರಿನ ಮುಂದೆ ಅದು ಪಿಸುಮಾತು. ಕೆಳಗೆ ಒಂದು ದಪ್ಪ ಚಾಪೆಯನ್ನೋ ಹಳೆಯ ಕಂಬಳಿಯನ್ನೋ ಮಡಿಚಿ ಹಾಕಿರಿ, ನೆಲದ ಮೂಲಕ ಇಳಿಯುವ ಕಂಪನ ನಿಲ್ಲುತ್ತದೆ. ಬಡಗಿಯವರು ಬಳಸುವ ದೊಡ್ಡ ಕಂಪ್ರೆಸರ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿರಿ. ಅದು ಹೊರಟರೆ ಕೆಳಗಿನ ಮನೆಯವರಷ್ಟೇ ಅಲ್ಲ, ಎದುರಿನ ಕಟ್ಟಡದವರೂ ಬಂದಾರು. ತೊಟ್ಟಿಯಿರುವ ಚಿಕ್ಕದಕ್ಕೆ ನಾವು ಕೇಳಿದ ಬೆಲೆ 6 ಸಾವಿರದಿಂದ ಮೇಲಕ್ಕೆ.

ಅದಕ್ಕೆ ಒತ್ತಡ ತೋರಿಸುವ ಗಡಿಯಾರ, ಒತ್ತಡ ತಿದ್ದುವ ರೆಗ್ಯುಲೇಟರ್ ಹಾಗೂ ನೀರು ಹಿಡಿಯುವ ಬಟ್ಟಲು ಈ ಮೂರೂ ಇರಲೇಬೇಕು. ಮೂರನೆಯದರ ಬೆಲೆ ದಿಲ್ಲಿಯ ಬಂಧುಗಳಿಗೆ ಅಷ್ಟಾಗಿ ತಿಳಿಯಲಿಕ್ಕಿಲ್ಲ. ಮುಂಬಯಿ, ಚೆನ್ನೈಗಳಲ್ಲಿರುವವರಿಗೆ ಕೂಡಲೆ ತಿಳಿಯುತ್ತದೆ. ಗಾಳಿಯನ್ನು ಒತ್ತಿ ತಣಿಸಿದಾಗ ಅದರಲ್ಲಿಯ ಆರ್ದ್ರತೆ ನೀರಾಗಿ ಇಳಿಯುತ್ತದೆ. ಆಷಾಢದ ಮಳೆಯಲ್ಲಿ ಒಣಹಾಕಿದ ಅಂಗಿ ಮೂರು ದಿನವಾದರೂ ಒಣಗದ ಈ ಊರಿನಲ್ಲಿ ಅರ್ಧ ಗಂಟೆಯ ಕೆಲಸಕ್ಕೇ ಆ ಬಟ್ಟಲಿನ ತಳದಲ್ಲಿ ನೀರು ಕಾಣಿಸುತ್ತದೆ. ಬಟ್ಟಲಿಲ್ಲದಿದ್ದರೆ ಆ ನೀರು ಹನಿಯಾಗಿ ಹಸಿ ಬಣ್ಣದ ಮೇಲೆ ಬಿದ್ದು ಸಿಡುಬಿನ ಕಲೆ ಮಾಡುತ್ತದೆ. ಕೆಲಸ ಮುಗಿದ ಮೇಲೆ ತೊಟ್ಟಿಯ ತಳದ ತಿರುಪನ್ನು ಸಡಿಲಿಸಿ ನೀರನ್ನು ಬಿಡಬೇಕು, ಇಲ್ಲವಾದರೆ ಒಳಗೆ ತುಕ್ಕು ಹಿಡಿಯುತ್ತದೆ. ಬಟ್ಟಲು, ನಳಿಕೆ, ಜೋಡಣೆಯ ತುಂಡುಗಳು ಬಿಡಿಯಾಗಿ ಬೇಕೆಂದರೆ ನಾಗದೇವಿ ಬೀದಿಯ ಯಂತ್ರಸಾಮಗ್ರಿಯ ಅಂಗಡಿಗಳಲ್ಲಿಯೂ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿಯೂ ಹುಡುಕಬಹುದು. ಕುಂಚದ ತಳದ ಎಳೆ ಸಾಮಾನ್ಯವಾಗಿ ಅಂಗುಲದ ಎಂಟರಲ್ಲೊಂದು ಪಾಲಿನ ಅಳತೆಯದು. ಬ್ಯಾಜರ್ ಮತ್ತು ಪ್ರಾಶೆಯವರದು ಮಾತ್ರ ತಮ್ಮದೇ ಅಳತೆ. ಅವುಗಳಿಗೆ ನಡುವೆ ಕೂಡಿಸುವ ತುಂಡೊಂದು ಬೇಕಾಗುತ್ತದೆ.

ಈಗ ಉಸಿರಿನ ಮಾತು. ಇದು ಎಲ್ಲಕ್ಕಿಂತ ಮುಖ್ಯವಾದರೂ ಹವ್ಯಾಸಿಗಳು ಕೊನೆಗೆ ನೆನೆಯುವಂಥದು. ಬರಿ ಲೋಹದ ಹೊಳಪಿಗೆ ಅತ್ಯುತ್ತಮವಾದವು ಲ್ಯಾಕರ್ ಬಣ್ಣಗಳು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳ ಆವಿಯು ತಲೆ ಸುತ್ತಿಸುತ್ತದೆ, ಬಟ್ಟೆಯ ಮುಖವಾಡವಾಗಲಿ ಕೋವಿಡ್ ಕಾಲದ ಎನ್-95 ಆಗಲಿ ಅದನ್ನು ತಡೆಯುವುದಿಲ್ಲ. ಇದ್ದಿಲಿನ ಡಬ್ಬಿಯುಳ್ಳ ಮುಖವಾಡವೇ ಬೇಕು. ಅದನ್ನು ಹುಡುಗ ಧರಿಸಿಯಾನು. ಒಳಗಿನ ಕೋಣೆಯಲ್ಲಿ ಮಲಗಿದ ಅಜ್ಜ? ಎರಡು ಕೋಣೆಯ ಮನೆಯಲ್ಲಿ ಲ್ಯಾಕರ್ ಸಲ್ಲದು, ಇದರಲ್ಲಿ ರಾಜಿಯಿಲ್ಲ. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಲೋಹಬಣ್ಣಗಳಿವೆ. ಸ್ಪೇನಿನ ವಯೆಹೊ ಕಂಪನಿಯ ಮೆಟಲ್ ಕಲರ್ ಅಂಥದು, ಸೀಸೆಯಿಂದ ನೇರವಾಗಿ ಬಟ್ಟಲಿಗೆ ಹಾಕಬಹುದು. ಕೆಳಗೆ ಹೊಳಪಿನ ಕಪ್ಪು ಅಸ್ತರು, ಮೇಲೆ ಚದರ ಅಂಗುಲಕ್ಕೆ 15 ಪೌಂಡಿನ ಆಸುಪಾಸಿನ ಒತ್ತಡದಲ್ಲಿ ತೆಳುತೆಳುವಾಗಿ ಮೂರು ನಾಲ್ಕು ಲೇಪ. ಲ್ಯಾಕರಿನ ಹೊಳಪಿಗೆ ಒಂದು ಕೂದಲಿನಷ್ಟು ಕಡಿಮೆ ಎನ್ನುವವರು ಎನ್ನಲಿ.

ನೀರಿನ ಬಣ್ಣವಾದರೂ ಮಂಜು ಮಂಜೇ. ಸೀಸೆಯ ಮೇಲೆ ವಿಷವಿಲ್ಲವೆಂದು ಬರೆದಿರುವುದು ಉಸಿರಾಡುವುದಕ್ಕೆ ಕೊಟ್ಟ ಪರವಾನಗಿಯಲ್ಲ. ಎನ್-95 ಹಾಕಿಕೊಂಡು, ಹೊರಕ್ಕೆ ಎಳೆಯುವ ಪಂಖದ ಮುಂದೆ, ಅಜ್ಜನವರು ಸಂಜೆ ಕೆಳಗೆ ಕಟ್ಟೆಯ ಮೇಲೆ ಕುಳಿತಿರುವ ಹೊತ್ತಿನಲ್ಲಿ ಸಿಂಪಡಿಸತಕ್ಕದ್ದು. ಅವರು ಬರುವ ಮುನ್ನ ಅರ್ಧ ಗಂಟೆ ಕಿಟಕಿ ತೆರೆದಿರಲಿ. ಜಪಾನಿನ ತಾಮಿಯಾ ಅಕ್ರಿಲಿಕ್ ಬಳಸುವವರು ಅದರಲ್ಲಿ ಮದ್ಯಸಾರವಿದೆ ಎಂಬುದನ್ನು ನೆನಪಿಡಬೇಕು. ಒಲೆಯೂ ನಂದಾದೀಪವೂ ಉರಿಯುವ ಜಾಗದಲ್ಲಿ ಅದು ಬೇಡ. ಮತ್ತೊಂದು ಮಾತು ಗೃಹಿಣಿಯರಿಗೆ: ಕೇಕಿಗೆ ಬಣ್ಣ ಹಾಕಲು ಇದೇ ಬಗೆಯ ಕುಂಚವಿದೆಯೆಂದು ಕೇಳಿ ಮಗನದನ್ನೇ ತೊಳೆದು ಬಳಸಬೇಡಿರಿ. ಎಷ್ಟು ತೊಳೆದರೂ ಅದು ತಿನ್ನುವ ಪದಾರ್ಥಕ್ಕೆ ಸಲ್ಲುವುದಿಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆ ಹೀಗೆ. ಸೂಜಿಯನ್ನು ಹಿಂದಕ್ಕೆ ಎಳೆದು ತೆಗೆದು ಬಿಳಿಯ ಕಾಗದದ ಮೇಲಿಟ್ಟು ಮೊನೆ ನೋಡಿರಿ. ಮೆಲ್ಲನೆ ಉರುಳಿಸಿದರೆ ಬಾಗಿದ ಮೊನೆ ಕುಣಿಯುತ್ತದೆ. ಗಾಳಿ ಕೊಟ್ಟು ನೋಡಲು ಬಿಟ್ಟರೆ ಬಟ್ಟಲಿಗೆ ನೀರು ಹಾಕಿ ಗುಂಡಿ ಒತ್ತಿರಿ. ಬಟ್ಟಲಿನಲ್ಲಿ ಗುಳ್ಳೆ ಎದ್ದರೆ ಮೂತಿ ಸರಿಯಾಗಿ ಕೂತಿಲ್ಲ, ಗಾಳಿ ಹಿಂದಕ್ಕೆ ಸೋರುತ್ತಿದೆ. ಮನೆಗೆ ತಂದ ಮೇಲೆ ಹೀಗಾದರೆ ಮೂತಿಯ ಎಳೆಗೆ ಸಾಸಿವೆಯಷ್ಟು ಜೇನುಮೇಣ ಸವರಿದರೆ ಹೆಚ್ಚಾಗಿ ಸರಿಹೋಗುತ್ತದೆ. 130ರಲ್ಲಿ ಈ ಮೂತಿ ಅಕ್ಕಿಕಾಳಿಗಿಂತ ಬಹಳ ದೊಡ್ಡದಲ್ಲ, ತಿರುಪಿನಿಂದ ಕೂರುತ್ತದೆ. ಜೊತೆಗೆ ಕೊಟ್ಟ ಪುಟ್ಟ ಪಾನಾದಿಂದ ಬಲವಾಗಿ ತಿರುಗಿಸಿದರೆ ಎಳೆ ಮುರಿದು ಒಳಗೇ ಉಳಿಯುತ್ತದೆ. ಅಗ್ಗದ ಕುಂಚಗಳ ಅಕಾಲಮರಣಕ್ಕೆ ಇದೇ ಮುಖ್ಯ ಕಾರಣ. ಅದನ್ನು ದಿನವೂ ಬಿಚ್ಚುವ ಅಗತ್ಯವೇ ಇಲ್ಲ. ಒಂದು ಬಣ್ಣ ಮುಗಿದೊಡನೆ ನೀರು, ಬಳಿಕ ತೊಳೆಯುವ ದ್ರವ ಹಾಕಿ ಬಣ್ಣ ಬಾರದಾಗುವವರೆಗೆ ಊದಿ, ಸೂಜಿಯನ್ನು ತೆಗೆದು ಒರೆಸಿ ಇಟ್ಟರೆ ಸಾಕು. ಇದನ್ನು ನಾಳೆಗೆಂದು ಬಿಡುವವರು ಕುಂಚ ಕೊಳ್ಳದಿರುವುದೇ ಲೇಸು.

ನಮ್ಮ ಮಿತ್ರರ ಲೆಕ್ಕ ಹೀಗಾಯಿತು: ಕುಂಚಕ್ಕೆ 1,400, ನಳಿಕೆ ಸಮೇತ ಕಂಪ್ರೆಸರಿಗೆ 6,800, ಬಣ್ಣ ಮತ್ತು ಅಸ್ತರಿಗೆ 1,100, ಮುಖವಾಡ ಹಾಗೂ ತೊಳೆಯುವ ದ್ರವಕ್ಕೆ 500. ಉಳಿದ 200 ರೂಪಾಯಿಯನ್ನು ಹುಡುಗನ ತಾಯಿ ಹಿಂದಕ್ಕೆ ಪಡೆದರು.

ಮೊದಲ ವಾರ ವಿಮಾನವನ್ನು ಮುಟ್ಟಬಾರದೆಂದು ನಾವು ಕಟ್ಟಪ್ಪಣೆ ಮಾಡಿದ್ದೇವೆ. ಎರಡು ದಿನ ಬರಿ ನೀರು, ಹಳೆಯ ವೃತ್ತಪತ್ರಿಕೆಯ ಮೇಲೆ. ಮೊದಲು ಗಾಳಿ, ಆಮೇಲೆ ಬಣ್ಣ, ನಿಲ್ಲಿಸುವಾಗ ಮೊದಲು ಬಣ್ಣ, ಆಮೇಲೆ ಗಾಳಿ. ಆಮೇಲೆ ನೀರು ಬೆರೆಸಿದ ಅಗ್ಗದ ಅಕ್ರಿಲಿಕ್ಕನ್ನು ಹಳೆಯ ಮಲ್ಮಲ್ ಬಟ್ಟೆಯಲ್ಲಿ ಸೋಸಿ, ನೀರು ಹಾಕಿದ ಹಾಲಿನ ಹದಕ್ಕೆ ತಂದು ಚುಕ್ಕೆ, ಗೆರೆ, ಮತ್ತೆ ಚುಕ್ಕೆ. ಮೊನೆಯಲ್ಲಿ ಬಣ್ಣ ಒಣಗಿ ಉಗುಳತೊಡಗಿದರೆ ಒದ್ದೆ ಕುಂಚದಿಂದ ಒರೆಸುವುದು. ಮೂರನೆಯದಾಗಿ ಖಾಲಿ ಶಾಂಪೂ ಬಾಟಲಿಗೆ ಕಪ್ಪು ಅಸ್ತರು, ಅದರ ಮೇಲೆ ಬೆಳ್ಳಿ. ಹುಡುಗ ಈಗ ಬಾಟಲಿಯವರೆಗೆ ಬಂದಿದ್ದಾನೆ. ಅಜ್ಜನವರು ಆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಬಾಲದ ಕಡೆಯ ತಗಡು ಕಾದು ಕಾದು ಸ್ವಲ್ಪ ಕಪ್ಪಾಗಿರುತ್ತಿತ್ತು, ಅಲ್ಲಿ ಇಷ್ಟು ಬಿಳಿ ಬೇಡ ಎಂದಿದ್ದಾರಂತೆ. ಅದಕ್ಕಾಗಿ ಇನ್ನೊಂದು ಸೀಸೆ ಕಡುಬೂದಿ ಲೋಹಬಣ್ಣ ಕೊಳ್ಳಬೇಕಾಗಿದೆ. ಹುಡುಗನ ತಾಯಿಯ ಹತ್ತಿರ ಆ 200 ರೂಪಾಯಿ ಇನ್ನೂ ಇದೆಯೋ ಎಂದು ಮಿತ್ರರು ಈ ದಿನ ವಿಚಾರಿಸುವವರಿದ್ದಾರೆ.